ಬತ್ತಿದ ಬಾವಿಗೂ ಲೆಕ್ಕ ಉಂಟು: ತೈಲ ಶೋಧದ ತೆರಿಗೆ ರಿಯಾಯಿತಿ ಓದುವುದು ಹೇಗೆ?

ತೋಟಕ್ಕೆ ಬೋರು ಕೊರೆಸಿದವರಿಗೆ ಈ ವಿಷಯ ಅರ್ಧ ಆಗಲೇ ಗೊತ್ತು. ನೀರು ಬರಲಿ ಬಿಡಲಿ, ಲಾರಿಯವರಿಗೆ ಅಡಿ ಲೆಕ್ಕದಲ್ಲಿ ಹಣ ಎಣಿಸಲೇಬೇಕು. 400 ಅಡಿ ಇಳಿದ ಮೇಲೂ ಬರೀ ಕಲ್ಲಿನ ಪುಡಿ ಹಾರಿದರೆ ಆ ಖರ್ಚು ಯಾವ ಲೆಕ್ಕಕ್ಕೆ? ಎಣ್ಣೆ ಹುಡುಕುವ ಕಂಪನಿಗೂ ಇದೇ ಪ್ರಶ್ನೆ, ಸೊನ್ನೆಗಳು ಮಾತ್ರ ಜಾಸ್ತಿ. ಕೊಡಗಿನ ಕಗ್ಗಲ್ಲಿನಡಿ ಎಣ್ಣೆ ಸಿಗುವ ಮಾತಿಲ್ಲ; ಅದಕ್ಕೆ ಹೂಳು ಪದರ ಪದರವಾಗಿ ಕೂತು ಕಲ್ಲಾದ ನೆಲ ಬೇಕು. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಸಮುದ್ರ ಸೇರುವ ತಮಿಳುನಾಡಿನ ತುದಿಯಲ್ಲಿ ಅಂಥ ನೆಲವಿದೆ, ಹೆಸರೂ ಕಾವೇರಿ ಬೇಸಿನ್ ಎಂದೇ. ತೈಲ ಕಂಪನಿಯ ಷೇರು ಇಟ್ಟುಕೊಂಡವರಿಗೆ, ಮಡಿಕೇರಿ, ಗೋಣಿಕೊಪ್ಪದ ಆಡಿಟರ್ ಕಚೇರಿಗಳಲ್ಲಿ ಕೆಲಸ ಕಲಿಯುತ್ತಿರುವವರಿಗೆ ಈ ಲೆಕ್ಕ ಬೇಕಾಗುತ್ತದೆ. ಕಾಫಿ ಬೆಳೆಗಾರರಿಗೂ ಇದರಲ್ಲಿ ಒಂದು ಪಾಲಿದೆ.

ಇಲ್ಲಿನ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬರುವುದರಿಂದ ಆಮೇಲಿನ ಆದಾಯಕ್ಕೆ ಸೆಕ್ಷನ್, ಫಾರಂಗಳ ಸಂಖ್ಯೆ ಬದಲಾಗುತ್ತದೆ. 2025-26ರ ಆದಾಯದ ರಿಟರ್ನ್‌ಗೆ ಹಳೆಯವೇ.

ಹಂತ 1: ಕ್ರೆಡಿಟ್ಟೋ, ಡಿಡಕ್ಷನ್ನೋ?

ಪತ್ರಿಕೆಗಳಲ್ಲಿ ಎರಡನ್ನೂ ‘ತೆರಿಗೆ ರಿಯಾಯಿತಿ’ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಎರಡಕ್ಕೂ ಅಜಗಜಾಂತರ. ಕ್ರೆಡಿಟ್ ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವುದು. ಡಿಡಕ್ಷನ್ ಅಂದರೆ ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಕಳೆಯುವುದು. ಹಲವು ರಿಯಾಯಿತಿ ಬಿಟ್ಟು 22% ದರ ಆರಿಸಿಕೊಂಡ ಕಂಪನಿ ಸರ್‌ಚಾರ್ಜ್, ಸೆಸ್ ಸೇರಿ 25.168% ಕಟ್ಟುತ್ತದೆ. ಅದಕ್ಕೆ 100 ಕೋಟಿಯ ಕ್ರೆಡಿಟ್ ಸಿಕ್ಕರೆ ಉಳಿಯುವುದು 100 ಕೋಟಿ, ಡಿಡಕ್ಷನ್ ಸಿಕ್ಕರೆ 25.168 ಕೋಟಿ. ನಾರ್ವೆ 2005ರಿಂದ ಕೆಲವು ವರ್ಷ, ಲಾಭವಿಲ್ಲದ ಕಂಪನಿಗೆ ಶೋಧದ ಖರ್ಚಿನ 78% ಅನ್ನು ನಗದಾಗಿಯೇ ವಾಪಸು ಕೊಟ್ಟಿತು. ನಮ್ಮಲ್ಲಿರುವುದು ಡಿಡಕ್ಷನ್.

ಹಂತ 2: ಒಪ್ಪಂದ ತೆಗೆದು ಓದಿ

ಸೆಕ್ಷನ್ 42ರ ವಿಶೇಷ ಡಿಡಕ್ಷನ್ ಎಣ್ಣೆ ಹುಡುಕುವವರಿಗೆಲ್ಲ ತಾನಾಗಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಜೊತೆ ಒಪ್ಪಂದ ಆಗಿರಬೇಕು, ಅದು ಸಂಸತ್ತಿನ ಎರಡೂ ಸದನಗಳಲ್ಲಿ ಮಂಡನೆಯಾಗಿರಬೇಕು, ಡಿಡಕ್ಷನ್ ಕೊಡುವ ಮಾತು ಒಪ್ಪಂದದ ಒಳಗೇ ಬರೆದಿರಬೇಕು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲಿ. ಗುಜರಾತಿನ ಧೋಲ್ಕಾ, ವಾವೇಲ್ ತೈಲ ಪ್ರದೇಶಗಳಿಗೆ 1995ರಲ್ಲಿ ಒಪ್ಪಂದ ಮಾಡಿಕೊಂಡ ಜೋಶಿ ಟೆಕ್ನಾಲಜೀಸ್ ಕಂಪನಿಯ ಕಾಗದದಲ್ಲಿ ಆ ಷರತ್ತು ಇರಲಿಲ್ಲ. ಬಿಟ್ಟುಹೋದದ್ದನ್ನು ಇದೆ ಎಂದು ಓದಿಕೊಳ್ಳಲು 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹಂತ 3: ಖರ್ಚನ್ನು ಮೂರು ಪಾಲು ಮಾಡಿ

ಎಣ್ಣೆ ಸಿಗದೆ, ವಾಣಿಜ್ಯ ಉತ್ಪಾದನೆಗೆ ಮೊದಲೇ ಬಿಟ್ಟುಕೊಟ್ಟ ಪ್ರದೇಶದ ಶೋಧದ ಖರ್ಚು ಒಂದು ಪಾಲು. ಉತ್ಪಾದನೆ ಶುರುವಾದ ಪ್ರದೇಶದಲ್ಲಿ ಬಾವಿ ಕೊರೆಯಲು, ಹುಡುಕಲು ಮೊದಲು ಮತ್ತು ಆಮೇಲೆ ಆದ ಖರ್ಚು ಇನ್ನೊಂದು. ನೆಲದಡಿಯ ಎಣ್ಣೆ ಕರಗುತ್ತಾ ಬಂದದ್ದಕ್ಕೆ ಮೂರನೆಯದು.

ಮೊದಲ ಪಾಲಿನಲ್ಲಿ ‘ಬಿಟ್ಟುಕೊಟ್ಟ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಮೂರು ಬಾವಿ ಕೊರೆದು 300 ಕೋಟಿ ಹೋಯಿತು, ಮೂರೂ ಬತ್ತಿದವು ಎನ್ನೋಣ. ಇನ್ನೊಂದು ಬಾವಿ ನೋಡೋಣ ಎಂದು ಕಂಪನಿ ಜಾಗ ಹಿಡಿದುಕೊಂಡೇ ಇದ್ದರೆ ಆ 300 ಕೋಟಿ ಈ ಪಾಲಿಗೆ ಬರುವುದೇ ಇಲ್ಲ. ಜಾಗ ಸರ್ಕಾರಕ್ಕೆ ಮರಳಿದ ಮೇಲೆ, ಒಪ್ಪಂದ ಹೇಳಿದ ರೀತಿಯಲ್ಲಿ, ಒಂದೇ ವರ್ಷಕ್ಕೋ ಕಂತುಗಳಲ್ಲೋ ಕಳೆಯಬೇಕು. ಬಾವಿ ಬತ್ತಿದ ದಿನಾಂಕವನ್ನು ಬರೆದಿಟ್ಟುಕೊಂಡು ಹಿಂದಿರುಗಿಸಿದ ಪತ್ರದ ದಿನಾಂಕ ಮರೆತರೆ ಲೆಕ್ಕ ತಪ್ಪು ವರ್ಷಕ್ಕೆ ಹೋಗಿ ಕೂರುತ್ತದೆ.

ಎರಡನೇ ಪಾಲು ಉತ್ಪಾದನೆ ಶುರುವಾಗುವವರೆಗೆ ಕಾಯಬೇಕು. ಕಾಯುವುದೆಲ್ಲ ನಷ್ಟವೇ ಅಲ್ಲ. ವ್ಯಾಪಾರದ ನಷ್ಟವನ್ನು ಮುಂದಕ್ಕೆ ಒಯ್ಯಲು ಸಿಗುವುದು 8 ವರ್ಷ, ಅದೂ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ. ಡಿಡಕ್ಷನ್‌ಗೆ ಬಾರದ ಖರ್ಚು ನಷ್ಟವಾಗಿ ಬದಲಾಗುವುದಿಲ್ಲ, ಹಾಗಾಗಿ ಆ 8 ವರ್ಷದ ಎಣಿಕೆಯೂ ಶುರುವಾಗುವುದಿಲ್ಲ.

ಹಂತ 4: ಬಾವಿ ಮುಚ್ಚುವ ಹಣ

ಎಣ್ಣೆ ಮುಗಿದ ಮೇಲೆ ಬಾವಿ ಮುಚ್ಚಿ, ಕಬ್ಬಿಣ ಕಿತ್ತು ಜಾಗ ಸರಿಮಾಡಬೇಕು. ಅದಕ್ಕೆಂದು ಸ್ಟೇಟ್ ಬ್ಯಾಂಕಿನ ವಿಶೇಷ ಖಾತೆಯಲ್ಲೋ ಸೈಟ್ ರೆಸ್ಟೋರೇಷನ್ ಖಾತೆಯಲ್ಲೋ ಮಾರ್ಚ್ 31ರೊಳಗೆ ಹಣ ಇಟ್ಟರೆ ಸೆಕ್ಷನ್ 33ಎಬಿಎ ಪ್ರಕಾರ ಆ ಮೊತ್ತ ಅಥವಾ ಲಾಭದ 20%, ಯಾವುದು ಕಡಿಮೆಯೋ ಅಷ್ಟು ಡಿಡಕ್ಷನ್. ಆಡಿಟ್ ವರದಿ ಫಾರಂ 3ಎಡಿಯಲ್ಲಿ. ಆದರೆ 22% ದರಕ್ಕೆ ಹೋದ ಕಂಪನಿಗೆ ಇದು ಇಲ್ಲ. ಸೆಕ್ಷನ್ 42 ಮಾತ್ರ ಉಳಿಯುತ್ತದೆ. ಕಂಪನಿಯ ವಾರ್ಷಿಕ ವರದಿ ಓದುವಾಗ ಮೊದಲು ಯಾವ ದರ ಎಂದು ನೋಡಿ.

ಹಂತ 5: ಪಕ್ಕದ ಮನೆ ಕಾಫಿಯದು

ಕಾಯ್ದೆಯಲ್ಲಿ 33ಎಬಿಎಗೆ ಅಂಟಿಕೊಂಡೇ ಇರುವುದು 33ಎಬಿ: ಚಹಾ, ಕಾಫಿ, ರಬ್ಬರ್ ಅಭಿವೃದ್ಧಿ ಖಾತೆ. ಇಲ್ಲೂ ಹಣ ಇಟ್ಟರೆ ಡಿಡಕ್ಷನ್. ಚೆರ್ರಿಯನ್ನೋ, ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟನ್ನೋ ಹಾಗೆಯೇ ಮಾರುವವರ ಆದಾಯ ಪೂರ್ತಿ ಕೃಷಿಯದು. ಅವರಿಗೆ ಇದು ಬೇಡ. ಸ್ವಂತ ತೋಟದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು) ಮಾಡಿಸಿ, ಹುರಿದು ಪುಡಿ ಮಾಡಿ ಮಾರುವವರ ಆದಾಯದಲ್ಲಿ ನಿಯಮ 7ಬಿ ಪ್ರಕಾರ 40% ತೆರಿಗೆಗೆ ಬರುತ್ತದೆ. ಲೆಕ್ಕ ನೋಡಬೇಕಾದವರು ಇವರು.

ಲಾಭ 20 ಲಕ್ಷ ಎನ್ನೋಣ. ಇಲ್ಲಿ ಮಿತಿ ಲಾಭದ 40%, ಅಂದರೆ 8 ಲಕ್ಷ. ಅಷ್ಟನ್ನೂ ನಬಾರ್ಡ್ ಖಾತೆಯಲ್ಲೋ ಕಾಫಿ ಬೋರ್ಡ್ ಯೋಜನೆಯ ಖಾತೆಯಲ್ಲೋ ಇಟ್ಟರೆ ಉಳಿಯುವುದು 12 ಲಕ್ಷ, ಅದರ 40% ಅಂದರೆ 4.8 ಲಕ್ಷ ತೆರಿಗೆಗೆ. ಇಡದಿದ್ದರೆ 8 ಲಕ್ಷ. ವ್ಯತ್ಯಾಸ 3.2 ಲಕ್ಷ, 30% ದರ, 4% ಸೆಸ್ ಹಿಡಿದರೂ ಉಳಿತಾಯ ಹೆಚ್ಚೆಂದರೆ 99,840 ರೂಪಾಯಿ. ಅಷ್ಟಕ್ಕಾಗಿ 8 ಲಕ್ಷ ಕಟ್ಟಿಹಾಕಬೇಕೇ? ಹೇಗಿದ್ದರೂ ಯಂತ್ರಕ್ಕೋ ತೋಟಕ್ಕೋ ಖರ್ಚು ಮಾಡುವವರಿದ್ದರೆ ಸರಿ, ಬರೀ ತೆರಿಗೆ ಉಳಿಸಲು ಇದು ದುಬಾರಿ ದಾರಿ.

ಹಣ ಇಡಲು ಕೊನೆಯ ದಿನ ಸೆಪ್ಟೆಂಬರ್ 30 ಅಥವಾ ರಿಟರ್ನ್ ಗಡುವು, ಯಾವುದು ಮೊದಲೋ ಅದು. ಆಡಿಟ್ ವರದಿ ಫಾರಂ 3ಎಸಿ ರಿಟರ್ನ್ ಗಡುವಿಗೆ ಒಂದು ತಿಂಗಳು ಮೊದಲೇ ಹೋಗಿರಬೇಕು. ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ: ಹೊಸ ತೆರಿಗೆ ಪದ್ಧತಿಯಲ್ಲಿ (ಮೇಲೆ ಹೇಳಿದ ಹೊಸ ಕಾಯ್ದೆ ಬೇರೆ, ಇದು ಬೇರೆ) 33ಎಬಿ ಸಿಗುವುದೇ ಇಲ್ಲ, ಮತ್ತು ಏನೂ ಹೇಳದಿದ್ದರೆ ನೀವು ಹೊಸ ಪದ್ಧತಿಯಲ್ಲೇ ಇರುತ್ತೀರಿ. ಗಡುವಿನೊಳಗೆ ಫಾರಂ 10-ಐಇಎ ಕೊಟ್ಟು ಹೊರಬರಬೇಕು. ವ್ಯಾಪಾರದ ಆದಾಯ ಇರುವವರು ಹೀಗೆ ಹೊರಬಂದು ಮತ್ತೆ ಹೊಸದಕ್ಕೆ ಮರಳಿದರೆ, ಆ ಆದಾಯ ಇರುವವರೆಗೆ ಇನ್ನೊಮ್ಮೆ ಹೊರಬರಲಾಗದು. ಹಾಗಾಗಿ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಸಿ ನೋಡುವ ಮೊದಲು ಖಾತೆಗೆ ಹಣ ಹಾಕಬೇಡಿ.

ತೆಗೆದ ಹಣ ಅದೇ ವರ್ಷ, ಯೋಜನೆ ಒಪ್ಪುವ ಕೆಲಸಕ್ಕೇ ಖರ್ಚಾಗಬೇಕು. ಉಳಿದದ್ದು ಆ ವರ್ಷದ ಲಾಭಕ್ಕೆ ಸೇರುತ್ತದೆ. ಮನೆಗೆ, ಗೆಸ್ಟ್ ಹೌಸಿಗೆ ಹಾಕಿದ ಯಂತ್ರ ನಡೆಯುವುದಿಲ್ಲ. ತಂದ ಯಂತ್ರವನ್ನು, ಕೊಂಡ ವರ್ಷ ಮುಗಿದ ಮೇಲೆ 8 ವರ್ಷ ತುಂಬುವ ಮೊದಲು ಮಾರಿದರೆ ಹಿಂದೆ ಪಡೆದ ಡಿಡಕ್ಷನ್ ಮತ್ತೆ ಆದಾಯವಾಗಿ ಬಂದು ಕೂರುತ್ತದೆ. ಬಿಲ್ಲು ಅಲ್ಲಿಯವರೆಗೆ ಫೈಲಿನಲ್ಲೇ ಇರಲಿ.