ಗೋವಾದಲ್ಲಿ ಹಳೆಯ ಹೆದ್ದಾರಿ ಸೇತುವೆ ಬದಲಿಸುವಾಗ ಪರಿಸರ, ಪರಂಪರೆಯ ಕಡತ ಹೀಗಿರಲಿ

ಗೋವಾದ ಸೇತುವೆ ಕಾಮಗಾರಿಗಳಲ್ಲಿರುವ ಬೆಳಗಾವಿ, ಕಾರವಾರ ಕಡೆಯ ಎಂಜಿನಿಯರುಗಳಿಗೆ ಪೈಲು (ನೆಲದಾಳಕ್ಕಿಳಿಸುವ ಅಡಿಪಾಯದ ಕಂಬ), ಗರ್ಡರಿನ (ಸೇತುವೆಯ ತೊಲೆ) ಲೆಕ್ಕ ಹೇಳಿಕೊಡಬೇಕಿಲ್ಲ. ಕೆಲಸ ನಿಲ್ಲುವುದು ಕಡತದಲ್ಲಿ. ಅರ್ಜಿಯಲ್ಲಿ ಹೊಸ ಸೇತುವೆ ಮಾತ್ರ ಇರುತ್ತದೆ. ಹಳೆಯದನ್ನು ಕೆಡವುವುದು, ತಾತ್ಕಾಲಿಕ ಜೆಟ್ಟಿ, ಗರ್ಡರ್ ಎರಕದ ಅಂಗಳ, ಪೈಲಿಗೆ ಕೊರೆದ ರಂಧ್ರ ಕುಸಿಯದಂತೆ ಬಳಸುವ ಬೆಂಟೊನೈಟ್ ಜೇಡಿಯ ಕೆಸರಿನ ಗುಂಡಿ ಇವೆಲ್ಲ ಬಿಟ್ಟುಹೋಗಿರುತ್ತವೆ. ಆಕ್ಷೇಪಣೆ ಏಳುವುದು ಅಲ್ಲೇ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹಾಲಿ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೆ ಪರಿಸರ ಅನುಮತಿ ಬೇಕಾಗುವುದು ಉದ್ದ 100 ಕಿ.ಮೀ. ಮೀರಿ, ಹೆಚ್ಚುವರಿ ಜಾಗದ ಅಗಲವೂ ಮಿತಿ ದಾಟಿದಾಗ. ಒಂಟಿ ಸೇತುವೆ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಇದನ್ನೇ ಹಿಡಿದು "ಯಾವ ಅನುಮತಿಯೂ ಬೇಡ" ಎಂದು ಬರೆಯುವ ಸಲಹೆಗಾರರಿದ್ದಾರೆ. ಅಂಥ ವರದಿಯನ್ನು ವಾಪಸ್ ಕಳಿಸಿ.

ಉಬ್ಬರದ ನೀರು ಬರುವ ನದಿಯಾದರೆ ಕರಾವಳಿ ನಿಯಂತ್ರಣ ವಲಯ ತಪ್ಪದು. ದಡದ ಪಟ್ಟಿ 2011ರ ಅಧಿಸೂಚನೆಯಲ್ಲಿ 100 ಮೀಟರ್, 2019ರದ್ದರಲ್ಲಿ 50 ಮೀಟರ್. ಹೊಳೆಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಆ ಅಗಲವೇ ಲೆಕ್ಕ. 2019ರ ನಿಯಮ ಅನ್ವಯಿಸುವುದು ಅದರಡಿ ರಾಜ್ಯದ ಕರಾವಳಿ ನಕ್ಷೆ ಮಂಜೂರಾದ ಮೇಲೆಯೇ, ಹಾಗಾಗಿ ಅರ್ಜಿಗೆ ಮುನ್ನ ಯಾವ ನಕ್ಷೆ ಜಾರಿಯಲ್ಲಿದೆ ಎಂದು ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಿರಿ. 1:4000 ಪ್ರಮಾಣದ ನಕ್ಷೆಯನ್ನು ಅಧಿಕೃತ ಸಂಸ್ಥೆಯಿಂದಲೇ ಮಾಡಿಸಬೇಕು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ನಕ್ಷೆಯ ಮೇಲೆ ಜೆಟ್ಟಿ, ಅಂಗಳ, ಕೆಡವಿದ ಕಾಂಕ್ರೀಟು ಇಳಿಸುವ ಜಾಗ ಎಲ್ಲವನ್ನೂ ಗುರುತಿಸಿ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಎಣಿಸಿ ಸುಮ್ಮನಾಗಬೇಡಿ, ವಿಸ್ತೀರ್ಣವನ್ನೂ ಅಳೆಯಿರಿ. ಕಾಂಡ್ಲಾ 1000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಸೇರುತ್ತದೆ, ಅಂಗಳಕ್ಕೆಂದು ಇಟ್ಟ ಜಾಗವೇ ಕೈತಪ್ಪಬಹುದು. 2019ರ ನಿಯಮದಲ್ಲಿ ನಷ್ಟವಾದ ಕಾಂಡ್ಲಾ ಪ್ರದೇಶದ ಕನಿಷ್ಠ ಮೂರು ಪಟ್ಟು ನೆಡಬೇಕು. ಜೆಟ್ಟಿಗೆ ಮಣ್ಣು ತುಂಬುವುದಂತೂ ಬೇಡ: ಹರಿವು ಕಟ್ಟಿಕೊಂಡು ಪಕ್ಕದ ಖಾಜನ್ ಗದ್ದೆಯ (ಉಬ್ಬರದ ನೀರನ್ನು ಒಡ್ಡು ಕಟ್ಟಿ ತಡೆದ ತಗ್ಗು ಗದ್ದೆ) ಒಡ್ಡು, ತೂಬಿನ ಮೇಲೆ ಒತ್ತಡ ಬೀಳುತ್ತದೆ, ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಕುಮಟೆಯ ಗಜನಿ, ಅಂದರೆ ಅಂಥದ್ದೇ ಗದ್ದೆ, ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನ ಪೈಲುಗಳ ಮೇಲಿನ ಜೆಟ್ಟಿಗೆ ಖರ್ಚು ಹೆಚ್ಚು, ತಂಟೆ ಕಡಿಮೆ.

ಪರಂಪರೆಯ ವಿಷಯದಲ್ಲಿ ಅಳತೆ ಶುರುವಾಗುವುದು ಸ್ಮಾರಕದ ಗೋಡೆಯಿಂದಲ್ಲ, ರಕ್ಷಿತ ಗಡಿಯಿಂದ. ಕೇಂದ್ರದ ಸ್ಮಾರಕವಾದರೆ ಗಡಿಯಿಂದ 100 ಮೀಟರ್ ನಿಷೇಧಿತ, ಆಚೆಯ 200 ಮೀಟರ್ ನಿಯಂತ್ರಿತ. ನಿಯಂತ್ರಿತ ವಲಯದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ವಿಧಿವಿಧಾನ ಮುಗಿಸಿ ಅನುಮತಿ ಪಡೆಯಬಹುದು. ನಿಷೇಧಿತದಲ್ಲಿ ದುರಸ್ತಿ, ನವೀಕರಣಕ್ಕಷ್ಟೇ ದಾರಿ. ಮರುನಿರ್ಮಾಣಕ್ಕೆ ಇಲ್ಲ, ಸರ್ಕಾರಿ ಕಾಮಗಾರಿ ಎಂಬ ವಿನಾಯಿತಿಯೂ 2010ರ ತಿದ್ದುಪಡಿಯ ನಂತರ ಉಳಿದಿಲ್ಲ. ಹಳೆ ಗೋವಾದ ಆಸುಪಾಸಿನಲ್ಲಿ ರಸ್ತೆಯ ಜಾಡನ್ನು ಈ ವೃತ್ತ ಎಳೆದ ಮೇಲೆಯೇ ನಿಗದಿಮಾಡಿ. ರಾಜ್ಯದ ಸ್ಮಾರಕಗಳ ಪಟ್ಟಿ ಬೇರೆ, 1978ರ ಗೋವಾ ಕಾಯ್ದೆಯದು.

ಸೇತುವೆಯೇ ಹಳೆಯ ಜಂಬಿಟ್ಟಿಗೆ ಕಲ್ಲಿನ ಕಮಾನಾಗಿದ್ದರೆ, ಯಾವ ಪಟ್ಟಿಯಲ್ಲೂ ಇಲ್ಲದಿದ್ದರೂ, ಟೆಂಡರಿಗೆ ಮುಂಚೆಯೇ ಅಳತೆಯ ಚಿತ್ರ, ಲೇಸರ್ ಸ್ಕ್ಯಾನ್, ಸುಣ್ಣದ ಗಾರೆಯ ಮಾದರಿ ತೆಗೆಸಿ. ಇಸವಿ ಕೆತ್ತಿದ ಕಲ್ಲಿಗೆ ಸಂಖ್ಯೆ ಹಾಕಿ, ಪರಿಮಾಣ ಪಟ್ಟಿಯಲ್ಲಿ ಪ್ರತ್ಯೇಕ ಬಾಬು ಬರೆಯಿರಿ. ಕೆಡವಿದ ಸಾಮಗ್ರಿಯೆಲ್ಲ ಗುತ್ತಿಗೆದಾರನದು ಎಂಬ ಮಾಮೂಲಿ ಷರತ್ತು ಹಾಗೇ ಉಳಿದರೆ ಆ ಕಲ್ಲು ಮತ್ತೆ ಸಿಗುವುದಿಲ್ಲ.

ಹಳೆಯದನ್ನು ಪಾದಚಾರಿಗಳಿಗೆ ಉಳಿಸುವ ಪ್ರಸ್ತಾಪ ಬಂದೇ ಬರುತ್ತದೆ. ತಪಾಸಣೆ ಯಾರ ಹೊಣೆ, ಹಣ ಯಾರದು ಎಂದು ಬರವಣಿಗೆಯಲ್ಲಿ ಇಲ್ಲದಿದ್ದರೆ ಒಪ್ಪಬೇಡಿ. ಮಹಾರಾಷ್ಟ್ರದ ಮಹಾಡ್ ಬಳಿಯ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಕಲ್ಲಿನ ಸೇತುವೆ 2016ರ ಆಗಸ್ಟಿನ ನೆರೆಯಲ್ಲಿ ವಾಹನಗಳ ಸಮೇತ ಕೊಚ್ಚಿಹೋಯಿತು. 2024ರ ಆಗಸ್ಟಿನಲ್ಲಿ ಕಾಳಿ ನದಿಯಲ್ಲಿ ಕುಸಿದದ್ದೂ ಹೊಸದರ ಪಕ್ಕದಲ್ಲಿ ಬಳಕೆಯಲ್ಲಿದ್ದ ಹಳೆಯ ಸೇತುವೆಯೇ. ಉಳಿಸಿದ ಕಂಬಗಳು ಮಾಡುವ ಹರಿವಿನ ಅಡಚಣೆಯನ್ನೂ ಹೊಸ ಸೇತುವೆಯ ಬುಡದಲ್ಲಿ ನೀರು ಮಾಡುವ ಕೊರೆತದ ಲೆಕ್ಕಕ್ಕೆ ಸೇರಿಸಬೇಕು.

ಮಾಂಡವಿ, ಜುವಾರಿ, ಕುಂಬಾರ್ಜುವಾ ಕಾಲುವೆ ಮೂರೂ ರಾಷ್ಟ್ರೀಯ ಜಲಮಾರ್ಗಗಳು (68, 111, 27). ಒಳನಾಡು ಜಲಮಾರ್ಗ ಪ್ರಾಧಿಕಾರದಿಂದ ಹಡಗು ಸಾಗಲು ಸೇತುವೆಯಡಿ ಬಿಡಬೇಕಾದ ಎತ್ತರ, ಅಗಲದ ಅಂತರ ಪಡೆಯುವಾಗಲೇ ಹಳೆಯ ಕಂಬಗಳನ್ನು ನದಿತಳದಿಂದ ಎಷ್ಟು ಕೆಳಗೆ ಕತ್ತರಿಸಬೇಕು ಎಂಬ ಮಟ್ಟವನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಗುತ್ತಿಗೆದಾರ ಇಳಿತದ ನೀರಿನ ಮಟ್ಟಕ್ಕೆ ಕತ್ತರಿಸಿ ಬಿಲ್ ಕೊಡುತ್ತಾನೆ, ಉಬ್ಬರದಲ್ಲಿ ಕಾಣದ ಆ ಮೋಟುಗಳಿಗೆ ಸರಕಿನ ಬಾರ್ಜು ತಾಗುತ್ತದೆ.