ಎಲೆಯ ವಿಸ್ತೀರ್ಣದ ಪ್ರಯೋಗ: ವಿಧಾನ ವಿಭಾಗವನ್ನು ಬರೆಯುವ ಬಗೆ

‘ಎಲೆಗಳ ವಿಸ್ತೀರ್ಣವನ್ನು ಗ್ರಾಫ್ ಕಾಗದದ ಸಹಾಯದಿಂದ ಅಳೆಯಲಾಯಿತು.’ ವಿದ್ಯಾರ್ಥಿಗಳ ವರದಿಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ವಾಕ್ಯವಿದು. ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಇದನ್ನು ಓದಿದವರು ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಲಾರರು. ವಿಧಾನ ವಿಭಾಗ ಇರುವುದೇ ಆ ಕೆಲಸಕ್ಕೆ.

ಮೊದಲು ಗಿಡದ ವೈಜ್ಞಾನಿಕ ಹೆಸರು, ತಳಿ, ಬಿತ್ತಿದ ದಿನದಿಂದ ಎಣಿಸಿದ ವಯಸ್ಸು, ಕುಂಡದ ಅಳತೆ, ಮಣ್ಣು, ನೀರು ಮತ್ತು ಬೆಳಕು. ಇವಕ್ಕೆ ಎರಡು ವಾಕ್ಯ ಸಾಕು.

ಎರಡನೆಯದು ಎಲೆಯ ಆಯ್ಕೆ. ಒಂದೇ ಗಿಡದಲ್ಲಿ ಚಿಗುರೆಲೆಗೂ ಬುಡದ ಎಲೆಗೂ ಅಜಗಜಾಂತರವಿರುವುದರಿಂದ, ‘ತುದಿಯಿಂದ ಮೂರನೆಯ, ಪೂರ್ತಿ ಬಿಚ್ಚಿಕೊಂಡ ಎಲೆ’ ಎಂಬಷ್ಟು ಖಚಿತವಾಗಿ ಬರೆಯಬೇಕು. ಐದು ಗಿಡಗಳಿಂದ ನಾಲ್ಕು ನಾಲ್ಕು ಎಲೆ ಕಿತ್ತವರು 20 ಪುನರಾವರ್ತನೆಗಳೆಂದು (ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಸ್ವತಂತ್ರ ಅಳತೆಗಳೆಂದು) ಬರೆಯುವುದನ್ನು ನೋಡಿದ್ದೇನೆ. ಗೊಬ್ಬರವನ್ನೋ ನೆರಳನ್ನೋ ಗಿಡಕ್ಕೆ ಕೊಟ್ಟಿದ್ದರೆ ಪುನರಾವರ್ತನೆಗಳು ಐದೇ. ಗಿಡವೊಂದರ ನಾಲ್ಕು ಎಲೆಗಳ ಸರಾಸರಿಯನ್ನು ಆ ಗಿಡದ ಒಂದು ಅಳತೆಯೆಂದು ತೆಗೆದುಕೊಳ್ಳಬೇಕು, ಹಾಗೆ ತೆಗೆದುಕೊಂಡದ್ದನ್ನು ಬರೆಯಲೂಬೇಕು.

ಮೂರನೆಯ ಹಂತ ಅಳತೆಯದು. ಬಹುತೇಕರು ಎಡವುವುದು ಇಲ್ಲಿಯೇ. ಕಿತ್ತ ಎಲೆ ಬಾಡುತ್ತಾ ಸುರುಟಿಕೊಂಡು ಕುಗ್ಗುತ್ತದೆ. ಆದ್ದರಿಂದ ಕಿತ್ತ ಎಷ್ಟು ಹೊತ್ತಿನಲ್ಲಿ ಅಳೆದಿರಿ, ಅಲ್ಲಿಯವರೆಗೆ ಒದ್ದೆ ಕಾಗದದಲ್ಲಿ ಸುತ್ತಿಟ್ಟಿದ್ದಿರೋ ಇಲ್ಲವೋ ಎಂಬುದನ್ನು ಹೇಳಿ. ತೊಟ್ಟು ಸೇರಿತ್ತೇ ಎಂಬುದನ್ನು ಮರೆಯಬೇಡಿ. ಗ್ರಾಫ್ ಕಾಗದದಲ್ಲಿ ಅಳೆದಿದ್ದರೆ ಚೌಕದ ಅಳತೆಯನ್ನೂ ಅಂಚಿನ ಚೌಕಗಳ ನಿಯಮವನ್ನೂ ಬರೆಯಬೇಕು: ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಚೌಕವನ್ನು ಒಂದೆಂದೂ ಕಡಿಮೆ ಮುಚ್ಚಿದ್ದನ್ನು ಸೊನ್ನೆಯೆಂದೂ ಎಣಿಸುವುದು ರೂಢಿ. ಗ್ರಾಫ್ ಹಾಳೆಯ ಜೆರಾಕ್ಸ್ ಪ್ರತಿಯನ್ನು ಮಾತ್ರ ಬಳಸಲೇಬೇಡಿ. ಒಮ್ಮೆ ಇಡೀ ತರಗತಿಯ ವಿಸ್ತೀರ್ಣಗಳೆಲ್ಲ ಹೆಚ್ಚಾಗಿ ಬಂದಾಗ ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ; 10 ಸೆಂ.ಮೀ. ಇರಬೇಕಾದ ಗೆರೆ 9.7 ಸೆಂ.ಮೀ. ಇತ್ತು. ಉದ್ದದಲ್ಲಿ ಮೂರು ಮಿಲಿಮೀಟರ್ ಅಷ್ಟೇ ಆದರೂ, ವಿಸ್ತೀರ್ಣದಲ್ಲಿ ಅದು ಶೇ 6ರಷ್ಟು ತಪ್ಪು.

ನನ್ನ ಆಯ್ಕೆ ಫ್ಲಾಟ್‌ಬೆಡ್ ಸ್ಕ್ಯಾನರ್ ಮತ್ತು ಚಿತ್ರದಿಂದ ಅಳತೆ ತೆಗೆಯುವ, ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶ. ಇದನ್ನು ಬಳಸಿದವರು ಸ್ಕ್ಯಾನಿನ ರೆಸಲ್ಯೂಷನ್ (300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಸಾಕು), ಜೊತೆಗಿಟ್ಟ ಅಳತೆಪಟ್ಟಿ, ಎಲೆಯನ್ನು ಹಿನ್ನೆಲೆಯಿಂದ ಬೇರ್ಪಡಿಸಿದ ಥ್ರೆಶೋಲ್ಡ್ (ಎಲೆಯೆಂದು ಎಣಿಸಲು ಇಟ್ಟ ಬಣ್ಣದ ಗಡಿಮಟ್ಟ) ಮತ್ತು ತಂತ್ರಾಂಶದ ಆವೃತ್ತಿ, ಈ ನಾಲ್ಕನ್ನೂ ನಮೂದಿಸಬೇಕು. ಹುಳು ತಿಂದ ತೂತುಗಳನ್ನು ವಿಸ್ತೀರ್ಣಕ್ಕೆ ಸೇರಿಸುವ ಆಯ್ಕೆಯೂ ಅದರಲ್ಲಿದೆ. ನೀವು ಸೇರಿಸಿದಿರೋ ಬಿಟ್ಟಿರೋ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಕ್ಯಾಮೆರಾ ನೇರ ಮೇಲಿನಿಂದ ನೋಡುತ್ತಿತ್ತೆಂದೂ ಅಳತೆಪಟ್ಟಿ ಎಲೆಯ ಮಟ್ಟದಲ್ಲೇ ಇತ್ತೆಂದೂ ಬರೆಯಿರಿ. ಥ್ರೆಶೋಲ್ಡನ್ನು ತೋರಿಸದೆ ಬರೀ ಒಂದು ಅಂಕಿ ಕೊಡುವ ಆ್ಯಪ್‌ಗಳನ್ನು ದೂರವಿಡಿ. ಅವು ಏನನ್ನು ಎಲೆಯೆಂದು ಎಣಿಸಿದವು ಎಂದು ನೀವು ಬರೆಯಲಾರಿರಿ.

ಉದ್ದವನ್ನು ಅಗಲದಿಂದ ಗುಣಿಸಿ 0.75ರಿಂದ ಮತ್ತೆ ಗುಣಿಸುವ ಅಡ್ಡದಾರಿ ಮೆಕ್ಕೆಜೋಳಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ಅದನ್ನು ಹರಳು (ಔಡಲ) ಗಿಡದಂಥ ಹಸ್ತಾಕಾರದ ಎಲೆಗೆ ಹೊಂದಿಸುವುದು ತಪ್ಪು. ಬೇರೆ ಗಿಡವಾದರೆ ಕೆಲವು ಎಲೆಗಳನ್ನು ಸ್ಕ್ಯಾನರಿನಲ್ಲಿ ಅಳೆದು ನಿಮ್ಮದೇ ಗುಣಾಂಕವನ್ನು ಕಂಡುಕೊಳ್ಳಿ, ಎಷ್ಟು ಎಲೆಗಳಿಂದ ಕಂಡುಕೊಂಡಿರೆಂದು ತಿಳಿಸಿ.

ಕೊನೆಗೆ ಬಳಸಿದ ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಹೆಸರನ್ನು ಒಂದು ವಾಕ್ಯದಲ್ಲಿ ಹೇಳಿ. ಎಲ್ಲವೂ ಭೂತಕಾಲದಲ್ಲಿರಲಿ, ‘ಎಲೆಯನ್ನು ಕತ್ತರಿಸಿ’ ಎಂಬ ಆಜ್ಞೆಯ ಧಾಟಿ ಪ್ರಯೋಗಾಲಯದ ಕೈಪಿಡಿಗೆ ಸರಿ, ವರದಿಗಲ್ಲ. ಸರಾಸರಿ ವಿಸ್ತೀರ್ಣ ಎಷ್ಟು ಬಂತೆಂಬುದು ಫಲಿತಾಂಶ ವಿಭಾಗಕ್ಕೆ ಸೇರಿದ್ದು, ಅದನ್ನು ಇಲ್ಲಿ ತರಬೇಡಿ.