ಭತ್ತದ ಹೊಟ್ಟಿನಿಂದ ಬಯೋಡೀಸೆಲ್ ವೇಗವರ್ಧಕ

ಸಿಂಧನೂರು, ಗಂಗಾವತಿ ಕಡೆ ಹೊಟ್ಟಿಗೇನೂ ಬರವಿಲ್ಲ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು, ಹೊಟ್ಟನ್ನು ಸುಟ್ಟರೆ ಅದರ ಐದನೇ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಶೇ. 85ರಿಂದ 95ರಷ್ಟು ಸಿಲಿಕಾ. ಪದವಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಂದ ನಾನು ಇದರಲ್ಲೇ ಸೋಡಿಯಂ ಸಿಲಿಕೇಟ್ ವೇಗವರ್ಧಕ ಮಾಡಿಸುತ್ತೇನೆ. ಎಣ್ಣೆ ಮತ್ತು ಮೆಥನಾಲ್ ಸೇರಿ ಬಯೋಡೀಸೆಲ್ ಆಗುವ ಕ್ರಿಯೆಯನ್ನು ಚುರುಕುಗೊಳಿಸುವುದು ಇದರ ಕೆಲಸ.

ಗಿರಣಿಯ ಬಾಯ್ಲರ್ ಬೂದಿಯನ್ನೇ ಚೀಲ ತುಂಬಿ ತರುತ್ತೇವೆ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ನಾನು ಒಪ್ಪುವುದಿಲ್ಲ. ಬಾಯ್ಲರ್ ಬೆಂಕಿಗೆ ಹಿಡಿತವಿಲ್ಲ. ಒಂದೆಡೆ ಅರೆಸುಟ್ಟ ಇಂಗಾಲ, ಇನ್ನೊಂದೆಡೆ ಅತಿಯಾಗಿ ಕಾದು ಕ್ರಿಸ್ಟೋಬಲೈಟ್ ಎಂಬ ಹರಳಾಗಿ ಕುಳಿತ ಸಿಲಿಕಾ. ಹರಳಾದದ್ದು ಕಾಸ್ಟಿಕ್ ಸೋಡಾಕ್ಕೆ ಬೇಗ ಬಗ್ಗುವುದಿಲ್ಲ, ಅದರ ದೂಳು ಶ್ವಾಸಕೋಶಕ್ಕೂ ಕೇಡು. ಹೊಟ್ಟು ತನ್ನಿ, ನಾವೇ ಸುಡೋಣ.

ಸುಡುವ ಮೊದಲು ಹೊಟ್ಟನ್ನು ಆಮ್ಲದಲ್ಲಿ ತೊಳೆಯಬೇಕು. ಒಂದು ಲೀಟರ್ ದ್ರಾವಣಕ್ಕೆ ಸುಮಾರು 85 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸಾಕು. ನೀರಿಗೆ ಆಮ್ಲ ಸುರಿಯಿರಿ, ಆಮ್ಲಕ್ಕೆ ನೀರನ್ನಲ್ಲ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ಒಂದು ಗಂಟೆ ಬಿಸಿ ಮಾಡಿ, ನೀಲಿ ಲಿಟ್ಮಸ್ ಕೆಂಪಾಗದಷ್ಟು ನೀರಿನಲ್ಲಿ ತೊಳೆದು ಒಣಗಿಸಿ. ಇದು ಬರೀ ಮಡಿವಂತಿಕೆಯಲ್ಲ: ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಉಳಿದರೆ ಸುಡುವಾಗ ಸಿಲಿಕಾದ ಮೇಲ್ಮೈ ಕರಗಿ ಇಂಗಾಲವನ್ನು ಒಳಗೇ ಬಂಧಿಸುತ್ತದೆ. ಆಮೇಲೆ ಎಷ್ಟು ಹೊತ್ತು ಸುಟ್ಟರೂ ಕಪ್ಪು ಹೋಗುವುದಿಲ್ಲ.

ಇನ್ನು ಸುಡುವುದು: ಮಫಲ್ ಕುಲುಮೆಯಲ್ಲಿ (ಪ್ರಯೋಗಾಲಯದ ಮುಚ್ಚಿದ ಕುಲುಮೆ) 600 ಡಿಗ್ರಿ ಸೆಲ್ಸಿಯಸ್, ನಾಲ್ಕು ಗಂಟೆ. ಬಟ್ಟಲಿನಲ್ಲಿ ತೆಳುವಾಗಿ ಹರಡಿ, ಗಾಳಿ ಆಡಬೇಕು. ಬೇಗ ಮುಗಿಸುವ ಆಸೆಗೆ 900ಕ್ಕೆ ಏರಿಸಬೇಡಿ. ಹೊಟ್ಟಿನ ಆಕಾರ ಹಾಗೆಯೇ ಉಳಿದು, ಬೆರಳಲ್ಲಿ ಒತ್ತಿದರೆ ಸದ್ದಿಲ್ಲದೆ ಪುಡಿಯಾಗುವ ಬಿಳಿ ಬೂದಿ ಸಿಕ್ಕರೆ ಅರ್ಧ ಗೆದ್ದಂತೆ. ಆ ಪುಡಿಯನ್ನು ಮುಟ್ಟುವಾಗ ಮುಖಗವಸು ಇರಲಿ.

20 ಗ್ರಾಂ ಬೂದಿಗೆ 25 ಗ್ರಾಂ ಕಾಸ್ಟಿಕ್ ಸೋಡಾ, 200 ಮಿ.ಲೀ. ನೀರು. ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ. ಅಲ್ಯೂಮಿನಿಯಂ ಬೇಡ, ಹೈಡ್ರೋಜನ್ ಬರುತ್ತದೆ. ಗಾಜಿನ ಬಿರಡೆಯ ಶೀಸೆಯೂ ಬೇಡ, ಬಿರಡೆ ಕಚ್ಚಿಕೊಂಡರೆ ಬಿಡಿಸಲಾಗುವುದಿಲ್ಲ. ಕನ್ನಡಕ, ಕೈಗವಸು ಹಾಕಿಕೊಂಡೇ ಸೋಸಿ, ಸೋಸಿ ಬಂದ ದ್ರಾವಣವನ್ನು 110 ಡಿಗ್ರಿಯಲ್ಲಿ ಒಣಗಿಸಿ. ಬಟ್ಟಲಿನ ಕಾಲುಭಾಗ ಮಾತ್ರ ತುಂಬಿಸಿ, ಏಕೆಂದರೆ ನೀರು ಬಿಡುತ್ತ ಅದು ಹಪ್ಪಳದಂತೆ ಉಬ್ಬುತ್ತದೆ. ಪುಡಿ ಮಾಡಿ 400 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ನೇರ ಡೆಸಿಕೇಟರಿಗೆ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಹಾಕಿ. ಮೇಜಿನ ಮೇಲೆ ತೆರೆದಿಟ್ಟರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಕುಡಿದು ಸತ್ವ ಕಳೆದುಕೊಳ್ಳುತ್ತದೆ.

ಪರೀಕ್ಷೆಗೆ ಎಲ್ಲರೂ ಹೊಂಗೆ ಎಣ್ಣೆಯನ್ನೇ ಕೇಳುತ್ತಾರೆ. ಅದರ ಮುಕ್ತ ಕೊಬ್ಬಿನಾಮ್ಲ ಹೆಚ್ಚಿದ್ದರೆ ಬರುವುದು ಸಾಬೂನು, ತಪ್ಪು ಮಾತ್ರ ವೇಗವರ್ಧಕದ ತಲೆಗೆ. ಮೊದಲು ಸಂಸ್ಕರಿಸಿದ ಸೂರ್ಯಕಾಂತಿ ಎಣ್ಣೆ 100 ಗ್ರಾಂ, ವೇಗವರ್ಧಕ 3 ಗ್ರಾಂ, ಮೆಥನಾಲ್ 41 ಮಿ.ಲೀ. ತೆಗೆದುಕೊಳ್ಳಿ. ಇದು ಒಂದು ಮೋಲ್ ಎಣ್ಣೆಗೆ ಒಂಬತ್ತು ಮೋಲ್ ಮೆಥನಾಲಿನ ಲೆಕ್ಕ. ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರ್ ಜೋಡಿಸಿ, 60 ಡಿಗ್ರಿಯಲ್ಲಿ ಒಂದೂವರೆ ಗಂಟೆ ಜೋರಾಗಿ ಕಲಕಿ. ಮೆಥನಾಲ್ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬರ್ನರ್ ಹತ್ತಿರ ಸುಳಿಯಬಾರದು.

ವೇಗವರ್ಧಕವನ್ನು ಸೋಸಿ, ಉಳಿದದ್ದನ್ನು ಬೇರ್ಪಡಿಸುವ ಆಲಿಕೆಯಲ್ಲಿ ರಾತ್ರಿಯಿಡೀ ಬಿಡಿ. ಕೆಳಗಿನ ಗ್ಲಿಸರಾಲ್ ತೆಗೆದು, ಮೇಲಿನ ಬಯೋಡೀಸೆಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒಣಗಿಸಿ. ಅದರ 3 ಮಿ.ಲೀ. ಅನ್ನು 27 ಮಿ.ಲೀ. ಮೆಥನಾಲಿಗೆ ಹಾಕಿ ಕಲಕಿ. ಬಯೋಡೀಸೆಲ್ ಮೆಥನಾಲಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ; ತಳದಲ್ಲಿ ಎಣ್ಣೆಯ ಹನಿ ಕೂತರೆ ಕ್ರಿಯೆ ಪೂರ್ತಿಯಾಗಿಲ್ಲ.

ಸೋಸಿದ ಪುಡಿಯನ್ನು ಮೆಥನಾಲಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಕಾಯಿಸಿ ಬಳಸಬಹುದು. ಆದರೆ ಸೋಡಿಯಂ ಸ್ವಲ್ಪಸ್ವಲ್ಪವೇ ಕರಗಿ ಹೋಗುತ್ತದೆ. ಘನ ವೇಗವರ್ಧಕ ಎಂಬ ಹೆಸರನ್ನು ಪೂರ್ತಿ ನಂಬಬೇಡಿ. ಹೊಸ ಪುಡಿಯನ್ನು ಬಿಸಿ ಮೆಥನಾಲಿನಲ್ಲಿ ಒಂದು ಗಂಟೆ ಕಲಕಿ ಸೋಸಿ, ಆ ಮೆಥನಾಲನ್ನಷ್ಟೇ ಹೊಸ ಎಣ್ಣೆಗೆ ಸೇರಿಸಿ ನೋಡಿ. ಬಯೋಡೀಸೆಲ್ ಬಂದರೆ, ಕೆಲಸದ ಒಂದು ಪಾಲನ್ನು ಮಾಡುತ್ತಿರುವುದು ಕರಗಿದ ಸೋಡಿಯಂ ಎಂದು ವರದಿಯಲ್ಲಿ ಬರೆಯಿರಿ.